ಕೆಳಗಿನ ಸಣ್ಣ ಸಾಲು

ಬೆಟಗೇರಿ
೩ ಜೂನ್ ೨೦೨೪

ಚಿ. ಕಾಂಚನಾ,

ಆಶೀರ್ವಾದ. ಪತ್ರ ಚಾಲೂ ಮಾಡೂಮುಂದ ಇತ್ತ ಕಡೆ ಎಲ್ಲಾ ಕ್ಷೇಮ ಅಂತ ಬರೀಬೇಕು. ಬರದೇನಿ ಅಂತ ತಿಳಕೊಂಡುಬಿಡು. ನಿಮ್ಮವ್ವ ಆರಾಮ ಅದಾಳ. ಮಳಿ ಒಂದ ಸಲ ಬಂದು ಮಾರಿ ತೋರಿಸಿ ಹೋಗೇತಿ.

ಮೊನ್ನೆ ನೀ ಫೋನ್ ಮಾಡಿದಾಗ ನಾ ಬರೇ ಹೂಂ ಹೂಂ ಅಂದೆ. ನೀ ಏನ ಹೇಳಿದಿ ಅನ್ನೂದು ನನಗ ಒಂದೂ ಕೇಳಿಸಿಲ್ಲ. ಎಡಗಿವಿ ಹೋಗಿ ನಾಕು ವರ್ಷ ಆತು, ಈಗ ಬಲಗಿವ್ಯಾಗೂ ಬರೇ ಮಷಿನ್ ಓಡಿದ ಸಪ್ಪಳ. ಮಷಿನ್ ನಿಂತ್ರೂ ಅದು ನಿಂದ್ರವಲ್ದು. ಎದುರಿಗೆ ಕುಂತು ಮಾತಾಡಿದ್ರ ತುಟಿ ನೋಡಿ ತಿಳಕೋತೇನಿ. ಫೋನಿಗೆ ತುಟಿ ಎಲ್ಲೈತಿ? ನಿಮ್ಮವ್ವನ ಕಡೆ ಇರೂದು ಗುಂಡಿ ಒತ್ತೂ ಹಳೇ ಫೋನು, ಅದರಾಗ ಅಕ್ಷರ ಒತ್ತಕೋತ ಕುಂತ್ರ ಸಂಜಿ ಆಗತೈತಿ. ಮೂವತ್ತೊಂದು ವರ್ಷ ಊರ ಮಂದಿ ಅಕ್ಷರ ಕಾಗದಕ್ಕ ಇಳಿಸಿದಾವ ನಾ, ನನ್ನ ಅಕ್ಷರಾನೂ ಕಾಗದದ ಮ್ಯಾಲೆ ಇರಲಿ.

ಈಗ ಖಬರ ಹೇಳತೇನಿ, ಗಾಬರಿ ಆಗಬ್ಯಾಡ. ಪ್ರೆಸ್ ಬಂದ್ ಆತು. ಹೋದ ಸೋಮವಾರ ಮುಂಜಾನೆ ಹೋದ್ರ ಮಾಲಕರು ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತಿದ್ದರು. ಒಳಗ ನಾಕು ಮಂದಿ ನನ್ನ ಆಫ್‌ಸೆಟ್ ಮಷಿನ್ನಿನ ನಟ್ಟು ಬಿಚ್ಚಾಕತ್ತಿದ್ದರು. ಲಗ್ನಪತ್ರಿಕಿ ಈಗ ಫೋನಿನ್ಯಾಗ ಹೋಗತಾವ, ಅಂದಾನಪ್ಪ, ನಾ ಏನ ಮಾಡಲಿ ಅಂದ್ರು. ಅವರ ತುಟಿ ಅಷ್ಟು ನಡುಗಾಕತ್ತಿದ್ದವು, ನನಗ ಎರಡ ಸಲ ಕೇಳಬೇಕಾತು. ಬೈಂಡಿಂಗ್ ಮಾಡೂ ನಿಮ್ಮ ಕುತುಬುದ್ದೀನ ಕಾಕಾ ಬಾಜೂ ನಿಂತಿದ್ದ. ಮಷಿನ್ ಚಾಲೂ ಆಗೂ ಮುಂಚೆ ಗಂಟಿ ಹೊಡೀತೈತಲ್ಲ, ಅದು ನನಗ ಕೇಳಂಗಿಲ್ಲಂತ ನಾಕು ವರ್ಷ ಅಂವ ನನ್ನ ಭುಜ ತಟ್ಟಿ ಕೈ ತಗಸತಿದ್ದ. ಆ ದಿನಾನೂ ಭುಜ ತಟ್ಟಿದ, ನಾ ಹೊರಗ ಬಂದೆ.

ನನಗಿನ್ನೂ ಐವತ್ತಾರು. ಮನಿ ನಡೀಬೇಕು, ಮ್ಯಾಲೆ ಹಗಲಿಡೀ ಕಟ್ಟಿ ಮ್ಯಾಲೆ ಕುಂತ್ರ ನನಗ ಹುಚ್ಚ ಹಿಡೀತೈತಿ. ನೀ ಹುಬ್ಬಳ್ಳ್ಯಾಗ ಮಂದಿಗೆ ನೌಕರಿ ಕೊಡಿಸೂ ಆಫೀಸಿನ್ಯಾಗ ಅದಿ. ನಿನ್ನ ಕಡೆ ಕೆಲಸ ಬೇಡಾಕ ಬರದಿಲ್ಲ. ಇಂಥಾ ಏಜೆಂಟರೊಳಗ ಹೆಂತಾವನ್ನ ಹಿಡೀಬೇಕು, ಹೆಂತಾವನ್ನ ಬಿಡಬೇಕು, ಅಷ್ಟ ಹೇಳು. ಹೊನ್ನೇಶಪ್ಪಗ ಹೇಳಬ್ಯಾಡ. ಮಾವನ ಕೆಲಸ ಹೋತಂತ ಅಳಿಯಗ ಗೊತ್ತಾಗೂದು ಚಲೋ ಅಲ್ಲ.

ನಿಮ್ಮಪ್ಪ,
ಅಂದಾನಪ್ಪ

ಮುದ್ರಣ: ಅಂದಾನಪ್ಪ, ಬೆಟಗೇರಿ. ತಪ್ಪಿದ್ದಲ್ಲಿ ತಿದ್ದಿ ಓದಿಕೊಳ್ಳುವುದು.


ಹುಬ್ಬಳ್ಳಿ
೧೦ ಜೂನ್ ೨೦೨೪

ಅಪ್ಪಾ,

ಪತ್ರ ಓದಿ ಮೊದಲ ಅತ್ತೆ. ಆಮ್ಯಾಲೆ ನಿನ್ನ ಸಣ್ಣ ಸಾಲು ಓದಿ ನಕ್ಕೆ. ಸಾಲಿ ಕಲಿಯೂಮುಂದ ಯಾವ ಕಾಗದ ಸಿಕ್ರೂ ಮೊದಲ ಕೆಳಗಿನ ಸಣ್ಣ ಸಾಲು ಓದಬೇಕು, ಯಾರ ಅಚ್ಚ ಹಾಕ್ಯಾರ ಗೊತ್ತಾಗತೈತಿ ಅಂತಿದ್ದಿ. ಜಾಹೀರಾತಿನ ಕಾಗದದಾಗ ಕಟ್ಟಿದ ಭಜಿನೂ ಬಿಚ್ಚಿ ಬದಿಗಿಟ್ಟು ಮೊದಲ ಸಾಲು ಓದತಿದ್ದಿ. ನಿನಗ ಕೆಲಸ ಹೋಗೇತಿ, ಈ ಚಾಷ್ಟಿ ಹೋಗಿಲ್ಲ.

ಈಗ ಕಿವಿ ಬ್ಯಾಡ, ಕಣ್ಣು ಕೊಟ್ಟು ಓದು. ಏಜೆಂಟ ನಿನ್ನ ಮನುಷ್ಯ ಅಲ್ಲ. ಅಂವ ಕಂಪನಿಗೆ ಆಳು ಹುಡುಕತಾನ, ನಿನಗ ಕೆಲಸ ಹುಡುಕಂಗಿಲ್ಲ. ಇದನ್ನ ತಿಳಕೊಂಡ್ರ ಅರ್ಧ ತಿಳದಂಗ. ಅಂವಗ ರೊಕ್ಕ ಕಂಪನ್ಯಾವ್ರು ಕೊಡತಾರ. ನಿನ್ನ ಕಡೆ ಕೇಳಿದ್ರ ಎದ್ದು ಬಾ. ಮೂಲ ಕಾಗದಪತ್ರ ನನ್ನ ಕಡೆ ಇರಲಿ ಅಂದ್ರ ಎದ್ದು ಬಾ. ಯಾವ ಕಂಪನಿ ಅಂತ ಕೇಳು, ಹೆಸರು ಹೇಳದ ಹಾರಸಿದ್ರ ಚಾ ಅರ್ಧಾ ಬಿಟ್ಟು ಎದ್ದು ಬಾ. ನಾ ದಿನಾ ನಲವತ್ತು ಮಂದಿಗೆ ಫೋನ್ ಮಾಡತೇನಿ, ಅವರೊಳಗ ಮೂವತ್ತು ಮಂದಿಗೆ ಇಷ್ಟೂ ಗೊತ್ತಿರಂಗಿಲ್ಲ. ಸಣ್ಣ ಊರಿನ ಏಜೆಂಟರು ಬಯೋಡಾಟಾ ಕೂಡಿಸಿ ನಮ್ಮಂಥ ದೊಡ್ಡ ಆಫೀಸಿಗೆ ಗಂಟ ಕಟ್ಟಿ ಕಳಸ್ತಾರ, ಯಾರ ಹೆಸರು ಎಲ್ಲಿ ಹೋತು ಅನ್ನೂದು ಅವರಿಗೂ ನೆಪ್ಪಿರಂಗಿಲ್ಲ.

ಇನ್ನೊಂದು. ಎಲ್ಲಾದಕ್ಕೂ ಹೂಂ ಅನ್ನಾಂವನ ಕಡೆ ಹೋಗಬ್ಯಾಡ. "ಇದು ನಿಮಗ ಆಗಂಗಿಲ್ಲ" ಅಂತ ಒಂದ ಸಲರೆ ಅನ್ನಾಂವ ಸಿಕ್ರ ಅವನ್ನ ಬಿಡಬ್ಯಾಡ. ಅಂಥಾವ ಕೆಲಸಾನೂ ನೋಡಿರತಾನ, ನಿನ್ನೂ ನೋಡಿರತಾನ.

ಕಿವಿ ವಿಷಯ ಮುಚ್ಚಿಡಬ್ಯಾಡ. ಅದೊಂದು ನನ್ನ ಮ್ಯಾಲೆ ಆಣಿ ಮಾಡು.

ನಮ್ಮ ಆಫೀಸಿನ್ಯಾಗ ನಾನ ಕೇಳಲೇನು? ನೀ ಬ್ಯಾಡ ಅಂತಿ ಅಂತ ಗೊತ್ತೈತಿ. ಮಗಳಿಗೆ ಕೂಸು ಆಗೂತನಕ ಆಕಿ ಮನ್ಯಾಗ ನೀರೂ ಕುಡೀಬಾರದು ಅಂತ ಆಯಿ ಕಾಲದಿಂದ ನಡಕೋತ ಬಂದೀರಿ. ನಾಕು ವರ್ಷದಾಗ ನಮ್ಮ ಮನಿಗೆ ಮೂರು ಸಲ ಬಂದಿ, ಮೂರೂ ಸಲ ಎದುರಿನ ಖಾನಾವಳ್ಯಾಗ ಉಂಡಿ. ಆದ್ರ ನೌಕರಿ ಏನು ಅನ್ನ ಅಲ್ಲಲ್ಲ.

ನಿನ್ನ ಮಗಳು,
ಕಾಂಚನಾ


ಬೆಟಗೇರಿ
೨೪ ಜೂನ್ ೨೦೨೪

ಚಿ. ಕಾಂಚನಾ,

ಆಶೀರ್ವಾದ. ನೌಕರಿ ಅನ್ನ ಅಲ್ಲ ಅಂತ ಯಾರ ಹೇಳಿದ್ರು ನಿನಗ? ನೌಕರೀನ ಅನ್ನ. ಮಗಳ ಕೈಲಿಂದ ತಗೊಳ್ಳೂದಾದ್ರ ಎರಡೂ ಒಂದ. ಆ ಮಾತು ಬಿಡು.

ನಿನ್ನ ಪತ್ರ ಕಿಸೇದಾಗ ಇಟಗೊಂಡು ಮೂರು ಕಡೆ ಹೋಗಿದ್ದೆ. ಶಿರಹಟ್ಟ್ಯಾಗ ಒಂದು ಬೋರ್ಡ್ ಐತಿ, ಒಳಗ ಮನುಷ್ಯಾ ಇಲ್ಲ. ಬಾಜೂ ಚಾದಂಗಡ್ಯಾವ ಆರು ತಿಂಗಳಾತ್ರಿ ಕೀಲಿ ಹಾಕಿ ಅಂದ. ಬೋರ್ಡಿನ ಅಕ್ಷರ ಮಾತ್ರ ಚಲೋ ಇದ್ದವು.

ಲಕ್ಷ್ಮೇಶ್ವರಕ್ಕ ಕುತುಬುದ್ದೀನನ ಜೋಡಿ ಹೋದೆ. ಅಲ್ಲೆ ಮೋತಿಬಿ ಅಂತ ಒಬ್ಬಾಕಿ, ಮೊದಲ ಸಾಲ್ಯಾಗ ಟೀಚರ್ ಇದ್ದಳಂತ, ಈಗ ಸಾಲಿ, ದವಾಖಾನಿಗೆ ಮಂದಿ ಹಚ್ಚಿಕೊಡತಾಳ. ಮಾರಿ ಎತ್ತಿ ನೋಡಲಿಲ್ಲ. ಫೋನ್ ನೋಡಕೋತನ ಏನೇನೋ ಅಂದ್ಳು, ನನಗ ಒಂದೂ ತಿಳೀಲಿಲ್ಲ. ಏನವ್ವಾ ಅಂದೆ. ಒಂದು ಚೀಟಿ ತಗೊಂಡು ಬರದು ನನ್ನ ಮುಂದ ದಬ್ಬಿದ್ಳು. "ಕಿವಿ ಕೇಳದವರನ್ನು ಮಷಿನ್ ಮುಂದೆ ನಿಲ್ಲಿಸಲಾರೆ. ಶಾಲೆಯ ಗೇಟಿನ ಕೆಲಸ ಎರಡು ಇವೆ. ಇಬ್ಬರಿಗೂ ಆಗುತ್ತದೆ." ಕುತುಬುದ್ದೀನ ಅಲ್ಲೇ ಹೂಂ ಅಂದ. ನಾ ಎದ್ದು ಬಂದೆ. ನಾಕು ಬಣ್ಣ ಒಂದರ ಮ್ಯಾಲೊಂದು ಕೂದಲೆಳಿ ತಪ್ಪದಂಗ ಕೂಡಿಸಿದ ಕೈ ಇದು, ಗೇಟಿನ ಕೊಂಡಿ ತಗಿಯಾಕ ಅಲ್ಲ. ಹಿಂದ ಬರೂಮುಂದ ಬಸ್ಸಿನ್ಯಾಗ ಅಂವ ಒಂದು ಕಿಡಕಿ ನೋಡಿದ, ನಾ ಒಂದು ಕಿಡಕಿ ನೋಡಿದೆ.

ಮೂರನೇದಾಂವ ನಮ್ಮ ಗದಗಿನ ಮುಳಗುಂದ ನಾಕಾದಾಗ, ಗವಿಸಿದ್ದೇಶ ಅಂತ. ಅಟ್ಟದ ಮ್ಯಾಲೆ ಆಫೀಸು. ನನಗ ಕೇಳಂಗಿಲ್ಲ ಅಂದಕೂಡ್ಲೆ ಕುರ್ಚಿ ಎಳದು ಎದುರಿಗೆ ಕುಂತು, ಕಾಕಾರ ಅಂತ ಸಾವಕಾಶ ತುಟಿ ಬಿಚ್ಚಿ ಮಾತಾಡಿದ. ಒಂದ ಮಾತೂ ತಪ್ಪಲಿಲ್ಲ ನನಗ. ಆರು ತಿಂಗಳಾಗಿತ್ತು ಒಬ್ಬರು ಹಂಗ ಮಾತಾಡಿ. ಮ್ಯಾಲೆ ಅವನ ಲಗ್ನಪತ್ರಿಕಿ ನಮ್ಮ ಪ್ರೆಸ್ಸಿನ್ಯಾಗ ಆಗಿದ್ದು, ಅರಿಷಿಣ ಬಣ್ಣದ ಹಾಳಿ, ನಾನ ಓಡಿಸಿದ್ದು. ನಾ ಯಾರ ಲಗ್ನಪತ್ರಿಕಿ ಅಚ್ಚ ಹಾಕೇನೋ ಅವರು ನನಗ ಮೋಸ ಮಾಡಂಗಿಲ್ಲ. ಇಷ್ಟು ವರ್ಷದಾಗ ಒಬ್ಬರೂ ಮಾಡಿಲ್ಲ. ರೊಕ್ಕ ಕೇಳಲಿಲ್ಲ, ಮೂಲ ಕಾಗದ ಕೇಳಲಿಲ್ಲ. ನಿನ್ನ ಪರೀಕ್ಷಾದಾಗ ಪಾಸ್ ಆದ. ಫಾರ್ಮ್ ಅವನ ತುಂಬಿದ.

ನಿಮ್ಮಪ್ಪ,
ಅಂದಾನಪ್ಪ

ಮುದ್ರಣ: ಅದ ಹಳೇ ಪ್ರೆಸ್ಸು.


ಹುಬ್ಬಳ್ಳಿ
೨ ಜುಲೈ ೨೦೨೪

ಅಪ್ಪಾ,

ಮೋತಿಬಿ ನಿನಗ ಖರೆ ಹೇಳ್ಯಾಳ. ಮಾರಿ ನೋಡದ ಹೇಳಿದ್ದು ತಪ್ಪು, ಆದ್ರ ಹೇಳಿದ್ದು ಖರೆ. ನೀ ಬಿಟ್ಟು ಬರಬಾರದಿತ್ತು. ಲಗ್ನಪತ್ರಿಕಿ ನೋಡಿ ವರಾ ಹೆಂಥಾವ ಅಂತ ಗೊತ್ತಾಗಂಗಿದ್ರ ಊರಾಗಿನ ಹುಡುಗ್ಯಾರೆಲ್ಲಾ ಸುಖದಿಂದ ಇರತಿದ್ದರು.

ಫಾರ್ಮ್ ಅಂವ ತುಂಬಿದ ಅಂದ್ರ ಏನ ತುಂಬಿದ? ವಯಸ್ಸು ಎಷ್ಟು ಬರದಾನ? ಕಿವಿ ವಿಷಯ ಬರದಾನೋ ಇಲ್ಲೋ? ಯಾವ ಕಂಪನಿ? ನನಗ ಒಂದು ಪ್ರತಿ ಕಳಸು.

ಕಾಂಚನಾ


ಹುಬ್ಬಳ್ಳಿ
೩೦ ಜುಲೈ ೨೦೨೪

ಅಪ್ಪಾ,

ಉತ್ತರ ಬಂದಿಲ್ಲ. ಅವ್ವಗ ಫೋನ್ ಮಾಡಿದ್ರ "ನಿಮ್ಮಪ್ಪ ಆರಾಮ ಅದಾನ, ದಿನಾ ಮುಂಜಾನೆ ಇಸ್ತ್ರಿ ಅಂಗಿ ಹಾಕ್ಕೊಂಡು ನಾಕಾಕ್ಕ ಹೋಗತಾನ" ಅಂತಾಳ. ಆಕಿಗೆ ಫಾರ್ಮಿನ ವಿಷಯ ಗೊತ್ತಿಲ್ಲ.

ನನಗ ಸಿಟ್ಟಿಲ್ಲ. ಹೆದರಿಕಿ ಐತಿ. ಎರಡು ಸಾಲರೆ ಬರಿ.

ಕಾಂಚನಾ


ಬೆಟಗೇರಿ
೧೯ ಆಗಸ್ಟ್ ೨೦೨೪

ಚಿ. ಕಾಂಚನಾ,

ಆಶೀರ್ವಾದ. ತಡ ಆತು. ಪಂಚಮಿಗೆ ನೀ ಬರತಿ, ಎದುರಿಗೇ ಹೇಳಿದ್ರಾತು ಅಂತ ಸುಮ್ಮನಿದ್ದೆ. ರಜಾ ಸಿಗಲಿಲ್ಲಂತ ನಿಮ್ಮವ್ವ ಹೇಳಿದ್ಳು. ಉಂಡಿ ಡಬ್ಬ್ಯಾಗ ಇಟ್ಟಾಳ, ಜ್ವಾಳದ್ದು ಒಂದು, ಶೇಂಗಾದ್ದು ಒಂದು. ನೀ ಬರದಿದ್ದದ್ದು ಒಂದು ಕಡೆ ಚಲೋ ಆತು, ಬಂದಿದ್ರ ನನ್ನ ತಲಿ ನೋಡಿ ಹೊಟ್ಟಿ ಹಿಡಕೊಂಡು ನಗತಿದ್ದಿ. ಗವಿಸಿದ್ದೇಶ ಫೋಟೋಕ್ಕ ಬಣ್ಣ ಹಚ್ಚಿಸಿದ. ಮೂವತ್ತೊಂದು ವರ್ಷ ಕರೇ ಶಾಯಿ ಕೈಗೆ ಹಚಗೊಂಡೆ, ಈಗ ತಲಿಗೆ. ನಿಮ್ಮವ್ವ ನನ್ನ ಮಾರಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಕ್ಕ ಹೋದ್ಳು.

ನೀ ಕೇಳಿದ್ದಕ್ಕ ಹೇಳತೇನಿ. ಫಾರ್ಮಿನ್ಯಾಗ ಏನೈತೋ ಎಲ್ಲಾ ಸರಿ ಐತಿ. ಸಣ್ಣಪುಟ್ಟದ್ದು ಎಲ್ಲಾರೂ ಮಾಡತಾರಂತ. ಧಾರವಾಡದ ಕಡೆ ಒಂದು ರಟ್ಟಿನ ಡಬ್ಬಿ ಕಾರ್ಖಾನಿ ಐತಂತ, ಅಲ್ಲೆ ನಾಕು ಬಣ್ಣದ ದೊಡ್ಡ ಮಷಿನ್. ಫೋಟೋ ತೋರಿಸಿದ. ಮಷಿನ್ನಿನ ಉದ್ದ ನಮ್ಮ ಓಣಿ ಅಷ್ಟೈತಿ. ಅದನ್ನ ನೋಡಿ ನನಗ ಎದಿ ಡವಡವ ಅಂತು, ಸುಳ್ಳ ಯಾಕ ಹೇಳಲಿ. ಕಿವಿ ಯಾಕ ಬೇಕು ಮಷಿನ್ನಿಗೆ? ಮೈಮ್ಯಾಲೆ ಅಂಗೈ ಇಟ್ರ ಅದರ ಸುಖ ದುಃಖ ನನಗ ತಿಳೀತೈತಿ. ರೋಲರ್ ಬಿಗಿ ಆದ್ರ ಬೆರಳಿನ ತುದಿಗೆ ಗೊತ್ತಾಗತೈತಿ.

ಬಯೋಡಾಟಾ ಹುಬ್ಬಳ್ಳಿಯ ಯಾವುದೋ ದೊಡ್ಡ ಆಫೀಸಿಗೆ ಹೋಗೇತಿ, ಅವರು ಹೂಂ ಅಂದ್ರ ಆತಂತ. ನಿಮ್ಮವ್ವ ಶಿವಯೋಗಿ ಅಜ್ಜನ ಗದ್ದಿಗಿಗೆ ಕಾಯಿ ಬೇಡಕೊಂಡಾಳ.

ನಿಮ್ಮಪ್ಪ,
ಅಂದಾನಪ್ಪ


ಹುಬ್ಬಳ್ಳಿ
೧೧ ಸೆಪ್ಟೆಂಬರ್ ೨೦೨೪

ಕುತುಬುದ್ದೀನ ಕಾಕಾರಿಗೆ, ಕಾಂಚನಾ ಮಾಡುವ ನಮಸ್ಕಾರ.

ಕಾಕಾ, ಈ ಪತ್ರ ಬಂದದ್ದು ಅಪ್ಪಗ ಗೊತ್ತಾಗಬಾರದು. ನನಗ ಯಾರ ಮುಂದ ಹೇಳಬೇಕು ತಿಳೀವಲ್ದು. ಮನ್ಯಾಗ ಹೇಳಂಗಿಲ್ಲ, ಆಫೀಸಿನ್ಯಾಗ ಹೇಳಂಗಿಲ್ಲ.

ಹೋದ ಗುರುವಾರ ಡಬ್ಬಿ ಕಾರ್ಖಾನಿಗೆ ಅಂತ ಗದಗಿನಿಂದ ಒಂದು ಗಂಟು ಬಯೋಡಾಟಾ ಬಂದ್ವು. ನಾ ಚಾ ಕುಡಕೋತ ಒಂದೊಂದ ತಗದು ನೋಡಾಕತ್ತಿದ್ದೆ. ಒಂಬತ್ತನೇದು ನಮ್ಮಪ್ಪ. ಕೂದಲ ಕರ್ರಗ, ಅಂಗಿ ಗುಂಡಿ ಕುತಗಿತನಕ ಹಾಕ್ಕೊಂಡು, ಕಣ್ಣು ಬಿಟಗೊಂಡು ನೋಡಾಕತ್ತಿದ್ದ. ವಯಸ್ಸು ನಲವತ್ತನಾಲ್ಕು ಅಂತಿತ್ತು. ಕಿವಿ, ಕಣ್ಣು: ದೋಷ ಇಲ್ಲ ಅಂತಿತ್ತು. ನನ್ನ ಅಪ್ಪ ನನಗಿಂತ ಬರೇ ಹದಿನೈದು ವರ್ಷ ದೊಡ್ಡಾಂವ ಆಗಿಬಿಟ್ಟಿದ್ದ.

ಆ ಕಾರ್ಖಾನಿ ನಾ ನೋಡೇನಿ ಕಾಕಾ. ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲ ಅಲ್ಲೆ. ಮಾಲು ಎತ್ತೂ ಗಾಡಿ ಹಿಂದ ಹಿಂದ ಬರತಾವ, ಹಾರ್ನ್ ಕೇಳಿ ಸರೀಬೇಕು. ಮಷಿನ್ ಒಳಗ ಕೈ ಹಾಕಿ ತೊಳಿಯೂಮುಂದ ಗಂಟಿ ಹೊಡದ್ರ ಕೈ ತಗೀಬೇಕು. ನೀವು ಅಲ್ಲೆ ಇಲ್ಲ, ಭುಜ ತಟ್ಟಾಕ. ಹೋದ ವರ್ಷ ಕಿವಿ ಚಲೋ ಇದ್ದ ಒಬ್ಬಾವನ ಮೂರು ಬೆರಳು ಹೋಗ್ಯಾವ. ಅವನ ಬಯೋಡಾಟಾನೂ ನನ್ನ ಟೇಬಲ್ಲಿನಿಂದನ ಹೋಗಿತ್ತು.

ಎರಡು ತಾಸು ಆ ಹಾಳಿ ಹಿಡಕೊಂಡು ಕುಂತೆ. ಆಮ್ಯಾಲೆ ಗವಿಸಿದ್ದೇಶಗ ಉತ್ತರ ಕಳಿಸಿದೆ, ಅಭ್ಯರ್ಥಿ ಈ ಕೆಲಸಕ್ಕೆ ತಕ್ಕವರಲ್ಲ ಅಂತ. ಸುಳ್ಳ ಬರದಾರಂತ ಬರದಿದ್ರ ಅಪ್ಪನ ಮರ್ಯಾದಿ ಹೋಗತಿತ್ತು, ಅದಕ್ಕ ಅಷ್ಟ ಬರದೆ. ಆ ದಿನಾ ಹನ್ನೊಂದು ಮಂದಿಗೆ ಕೆಲಸ ಹಚ್ಚಿದೆ ಕಾಕಾ. ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ಅದು ನಾನ.

ನಾ ಮಾಡಿದ್ದು ಸರಿಯೋ ತಪ್ಪೋ ಅಂತ ಕೇಳಾಕತ್ತಿಲ್ಲ. ಇದನ್ನ ಅಪ್ಪಗ ಹೇಳಲೋ ಬ್ಯಾಡೋ, ಅದೊಂದು ಹೇಳ್ರಿ.

ನಿಮ್ಮ,
ಕಾಂಚನಾ


ಬೆಟಗೇರಿ
೨೦ ಸೆಪ್ಟೆಂಬರ್ ೨೦೨೪

ಚಿ. ಕಾಂಚನಾ,

ಆಶೀರ್ವಾದ. ಕೆಲಸ ಆಗಲಿಲ್ಲ.

ಗವಿಸಿದ್ದೇಶ ಹುಬ್ಬಳ್ಳಿ ಆಫೀಸಿನವರ ಉತ್ತರ ಒಂದು ಹಾಳಿ ಮ್ಯಾಲೆ ತಗದು ಕೊಟ್ಟ. ತಕ್ಕವರಲ್ಲ ಅಂತ ಬರದಾರ. ಒಂದ ಸಾಲು. ಮೂವತ್ತೊಂದು ವರ್ಷ ಮಷಿನ್ ಮುಂದ ನಿಂತಾವ ತಕ್ಕವಲ್ಲಂತ. ನಾ ಆ ಹಾಳಿ ನಾಕು ಸಲ ಓದಿದೆ, ಮ್ಯಾಲಿಂದ ಕೆಳಗಿನತನಕ. ಗವಿಸಿದ್ದೇಶ "ಕಾಕಾರ, ಅಲ್ಲೆ ಕುಂತಾವ್ರಿಗೆ ಮನುಷ್ಯಾರ ಕಿಮ್ಮತ್ತು ಗೊತ್ತಿರಂಗಿಲ್ಲ" ಅಂದ. ನಾ ಅವಗ ಹಂಗ ಅನಬ್ಯಾಡ ಅಂದೆ. ಬರದವರು ಯಾರೋ ಏನೋ, ಅವರಿಗೂ ಒಂದು ಹೊಟ್ಟಿ ಇರತೈತಿ, ಒಂದು ಮನಿ ಇರತೈತಿ. ಚಲೋ ಇರಲಿ.

ಖರೆ ಹೇಳಬೇಕಂದ್ರ ಎರಡು ದಿನಾ ಊಟ ಸೇರಲಿಲ್ಲ. ನಿಮ್ಮವ್ವಗ ಹೊಟ್ಟಿ ಬ್ಯಾನಿ ಅಂದೆ. ಓಣ್ಯಾಗ ಈಗ ಯಾರರೆ ಮಾತಾಡಿಸಿದ್ರ ತುಟಿ ನೋಡಾಕ ಮನಸ್ಸಾಗವಲ್ದು. ಕೇಳದಿದ್ರ ಏನ ಆತು ಅನಸತೈತಿ.

ನಿನ್ನ ಆಫೀಸಿನ್ಯಾಗ ಕೆಲಸ ಭಾಳ ಇರತೈತಿ. ಟೈಮಿಗೆ ಊಟ ಮಾಡು.

ನಿಮ್ಮಪ್ಪ,
ಅಂದಾನಪ್ಪ


ಲಕ್ಷ್ಮೇಶ್ವರ
೬ ಅಕ್ಟೋಬರ್ ೨೦೨೪

ಬೇಟಾ ಕಾಂಚನಾ,

ದುವಾ. ನನ್ನ ಅಕ್ಷರ ನಿಮ್ಮಪ್ಪನಂಗ ಇಲ್ಲ, ಸೈರಿಸಿಕೋ. ನಾ ಬೈಂಡಿಂಗ್ ಮನುಷ್ಯಾ, ಮಂದಿ ಬರದದ್ದು ಹೊಲದು ಗೊತ್ತೈತಿ, ಬರದು ಗೊತ್ತಿಲ್ಲ.

ಗೇಟ್ ತಗಿಯೂದು, ಗೇಟ್ ಹಾಕೂದು, ಇದ ನನ್ನ ಕೆಲಸ. ಮೋತಿಬಿ ಹಚ್ಚಿದ್ಳು. ಸಣ್ಣ ಹುಡುಗ್ಯಾರು ಬರೂಮುಂದ ಸಲಾಂ ಕಾಕಾ ಅಂತಾವ, ಬ್ಯಾಸರ ಇಲ್ಲ. ಬಾಜೂದ ಗೇಟು ಅಂದಾನಪ್ಪಗ ಅಂತ ಎರಡು ತಿಂಗಳು ಹಿಡಿದು ಇಟ್ಟಿದ್ದೆ. ಮೂರು ಸಲ ಬೆಟಗೇರಿಗೆ ಹೋಗಿ ಕರದೆ. ಮೂರನೇ ಸಲ ಬಾಗಲಾ ತಗೀಲಿಲ್ಲ. ನಾ ಬಡದದ್ದು ಕೇಳಲಿಲ್ಲೋ, ಕೇಳಿ ಸುಮ್ಮನಿದ್ನೋ, ಅದು ಅಲ್ಲಾಗ ಗೊತ್ತು. ಈಗ ಆ ಗೇಟಿಗೆ ಬ್ಯಾರೆಯಾವ ಬಂದಾನ.

ನೀ ಕೇಳಿದ್ದಕ್ಕ ಹೇಳತೇನಿ. ಹೇಳಿಬಿಡು. ನಾ ನಾಕು ವರ್ಷ ಭುಜ ತಟ್ಟಿದೆ, ನೀ ಒಂದ ಸಲ ತಟ್ಟಿದಿ. ನಾ ತಟ್ಟಿದಾಗ ಅಂವ ತಿರುಗಿ ನನ್ನ ಮಾರಿ ನೋಡತಿದ್ದ, ಅದಕ್ಕ ಸಿಟ್ಟು ಬರತಿರಲಿಲ್ಲ. ನೀ ಹಿಂದಿನಿಂದ ತಟ್ಟಿ ಅಡಗಿಕೊಂಡಿ. ಅವನ ಮುಂದ ಬಂದು ನಿಂದ್ರು.

ಲಗೂನ ಹೇಳು. ಆ ಗವಿಸಿದ್ದೇಶ ಸುಮ್ಮನ ಕುಂದ್ರೂ ಮನುಷ್ಯಾ ಅಲ್ಲ.

ಕುತುಬುದ್ದೀನ


ಹುಬ್ಬಳ್ಳಿ
೨೨ ಅಕ್ಟೋಬರ್ ೨೦೨೪

ಅಪ್ಪಾ,

ಇದನ್ನ ಬರದು ಬರದು ಐದು ಹಾಳಿ ಹರದೇನಿ. ಕುತುಬುದ್ದೀನ ಕಾಕಾ ಲಗೂನ ಹೇಳು ಅಂತ ಬರದು ಹದಿನೈದು ದಿನಾ ಆತು, ನನಗ ಧೈರ್ಯ ಬರಲಿಲ್ಲ.

ನಿನಗ ತಕ್ಕವರಲ್ಲ ಅಂತ ಬರದಾಕಿ ನಾನು. ಬಯೋಡಾಟಾ ನನ್ನ ಟೇಬಲ್ಲಿಗೇ ಬಂದಿತ್ತು. ನಿನ್ನ ಫೋಟೋ ನೋಡಿ ಗುರುತು ಹಿಡಿದೆ, ನಿನ್ನ ವಯಸ್ಸು ನೋಡಿ ಹಿಡೀಲಿಲ್ಲ. ನೀ ಆ ಕೆಲಸಕ್ಕ ತಕ್ಕಾಂವ ಅಲ್ಲ ಅಂತಲ್ಲ, ಆ ಕೆಲಸ ನಿನ್ನ ಬೆರಳಿಗೆ ತಕ್ಕದ್ದಲ್ಲ. ಅಲ್ಲಿ ಗಂಟಿ ನಿನಗ ಕೇಳಂಗಿಲ್ಲ. ಆ ಗಂಟಿ ಕೇಳದ ನಿನ್ನ ಕೈ ಹೋದ್ರ ನಾ ಹೆಂಗ ಬದುಕಲಿ ಅಂತ ಅಂಜಿ ಬರದೆ. ಮೂವತ್ತೊಂದು ವರ್ಷದ ಕೆಲಸಗಾರಗ ಒಂದ ಸಾಲಿನ್ಯಾಗ ಅಂದುಬಿಟ್ಟೆ, ಅದಕ್ಕ ನಿನ್ನ ಕಾಲು ಹಿಡಕೋತೇನಿ.

ನಾ ಸುಮ್ಮನ ಕುಂತಿಲ್ಲ ಅಪ್ಪಾ. ಹುಬ್ಬಳ್ಳ್ಯಾಗ ನೋಟ್‌ಬುಕ್ ಮಾಡೂ ಒಂದು ಸಣ್ಣ ಕಾರ್ಖಾನಿ ಐತಿ. ನಾನ ಹೋಗಿ ಮಾಲಕರ ಎದುರಿಗೆ ಕುಂತು ಹೇಳೇನಿ, ನಮ್ಮಪ್ಪ, ಐವತ್ತಾರು ವಯಸ್ಸು, ಎರಡೂ ಕಿವಿ ಕೇಳಂಗಿಲ್ಲ, ಬಣ್ಣ ಕೂಡಿಸೂದು ನೋಡಿದ್ರ ನೀವು ಬಿಡಂಗಿಲ್ಲ ಅಂತ. ರಟ್ಟು ತಪಾಸಣಿ ಮಾಡೂ ಟೇಬಲ್ಲಿಗೆ ಕುಂದ್ರಸತೇವಿ ಅಂದಾರ. ಮುಂಜಾನೆ ಆರಕ್ಕ ಚಾಲೂ, ಗದಗಿನಿಂದ ಆ ಹೊತ್ತಿಗೆ ಮುಟ್ಟಾಕ ಆಗಂಗಿಲ್ಲ. ನಮ್ಮ ಮನ್ಯಾಗ ಇದ್ದು ಐತವಾರ ಊರಿಗೆ ಹೋಗು. ಹೊನ್ನೇಶಗ ಎಲ್ಲಾ ಹೇಳಿಬಿಟ್ಟೇನಿ. ಅವರು ನಿನ್ನೆನ ಮುಂದಿನ ಕೋಣಿ ಬಳದು ಸುಣ್ಣಾ ಹಚ್ಚ್ಯಾರ.

ನಿನ್ನ ಪದ್ಧತಿ ನನಗ ಗೊತ್ತೈತಿ. ಆದ್ರ ನನಗ ಕೂಸು ಆಗೂತನಕ ನೀ ಉಪವಾಸ ಇರತಿಯೇನು? ಆಗದ ಹೋದ್ರ? ನಾ ಏನ ಪಾಪ ಮಾಡೇನಿ, ನಮ್ಮಪ್ಪಗ ಒಂದು ರೊಟ್ಟಿ ನೀಡಬಾರದಂಥಾದ್ದು? ಪ್ರತಿ ಸಲ ನೀ ಖಾನಾವಳಿಗೆ ಹೋದಾಗ ನಾ ಕಿಡಕ್ಯಾಗ ನಿಂತು ನೋಡೇನಿ. ಅದನ್ನ ನಿನಗ ಹೇಳಿಲ್ಲ, ಇವತ್ತ ಹೇಳಾಕತ್ತೇನಿ.

ದೀಪಾವಳಿ ಪಾಡ್ಯಕ್ಕ ನಾವಿಬ್ಬರೂ ಬರತೇವಿ. ಎದುರಿಗೆ ಕುಂತು ಸಾವಕಾಶ ತುಟಿ ಬಿಚ್ಚಿ ಮಾತಾಡತೇನಿ. ನನಗೂ ಬರತೈತಿ ಅದು. ಬೇಕಾದಷ್ಟು ಬೈಯಿ. ಅಲ್ಲಿತನಕ ಎಲ್ಲೂ ಸೈ ಮಾಡಬ್ಯಾಡ.

ನಿನ್ನ ಮಗಳು,
ಕಾಂಚನಾ


ಬೆಟಗೇರಿ
೨೭ ಅಕ್ಟೋಬರ್ ೨೦೨೪

ಚಿ. ಕಾಂಚನಾ,

ಆಶೀರ್ವಾದ. ನಿನ್ನ ಪತ್ರ ನಿನ್ನೆ ಮುಟ್ಟಿತು. ಕಾಲು ಹಿಡಿಯೂದು ಗೀಲು ಹಿಡಿಯೂದು ಬ್ಯಾಡ.

ನನಗ ಮೊದಲ ಗೊತ್ತಿತ್ತು. ಗವಿಸಿದ್ದೇಶ ಹಾಳಿ ಕೊಟ್ಟಾಗ ನಾ ಮೊದಲ ಏನ ಓದೇನಿ ಅಂತ ತಿಳದಿ? ಕೆಳಗಿನ ಸಣ್ಣ ಸಾಲು. ಇಂಗ್ಲಿಷಿನ್ಯಾಗ ಸಣ್ಣ ಅಕ್ಷರದಾಗ ಇತ್ತು, ಕಾಂಚನಾ ಹೊನ್ನೇಶ. ಅದನ್ನ ಓದಿದ ಮ್ಯಾಲೆ ಮ್ಯಾಲಿನ ಸಾಲು ಓದಿದೆ. ಅಂವ ಬೈಯಾಕ ಹತ್ತಿದಾಗ ಬ್ಯಾಡ ಅಂದದ್ದು ಅದಕ್ಕ. ನಿನಗ ಪತ್ರ ಬರಿಯೂಮುಂದ ಯಾರೋ ಏನೋ ಅಂತ ಬರದೆ. ನೀನಾಗೇ ಹೇಳತಿಯೋ ಇಲ್ಲೋ ಅಂತ ನೋಡೂದಿತ್ತು. ಹೇಳಿದಿ. ಒಂದು ತಿಂಗಳು ತಡಾ ಮಾಡಿದಿ, ಆದ್ರ ಹೇಳಿದಿ. ನನ್ನ ಮಗಳು ಅಂತ ಸಂತೋಷ ಆತು.

ಊಟ ಸೇರಲಿಲ್ಲ ಅಂದಿದ್ದೆನಲ್ಲ, ಅದು ಕೆಲಸ ಹೋತಂತ ಅಲ್ಲ. ನಾ ಹಾಕಿದ ಸುಳ್ಳ ನೀ ಓದಿದಿ ಅಂತ. ನಲವತ್ತನಾಲ್ಕು ಅಂತ ಬರಸೂಮುಂದ ಅದನ್ನ ಯಾರೋ ಗುರುತಿಲ್ಲದವರು ಓದತಾರ ಅಂತ ತಿಳದಿದ್ದೆ.

ಹೊನ್ನೇಶಪ್ಪ ಕೋಣಿಗೆ ಸುಣ್ಣಾ ಹಚ್ಚ್ಯಾನ ಅಂತ ಓದಿ ನನಗ ಕಣ್ಣೀರ ಬಂತು. ಅವಗ ಹೇಳು. ಕಿಡಕ್ಯಾಗ ನಿಂತು ನೋಡತಿದ್ದಿ ಅಂತ ಬರದೀಯಲ್ಲ, ಅದು ನನಗ ಗೊತ್ತಿರಲಿಲ್ಲ ತಂಗಿ. ಗೊತ್ತಿದ್ರ ಏನ ಮಾಡತಿದ್ದೆ ಅಂದ್ರ, ಅದೂ ಗೊತ್ತಿಲ್ಲ. ನಮ್ಮವ್ವ ಜೀವಾ ಹೋಗೂಮುಂದ ಕೂಸಿಲ್ಲದ ಮಗಳ ಮನಿ ನೀರ ಬ್ಯಾಡಂತ ಬಾಯಿ ಬಿಗಿ ಹಿಡದಾಕಿ. ಅದನ್ನ ನೋಡಿದ ಮಗಾ ನಾನು. ಅದು ತಪ್ಪು ಅಂತ ತಲಿಗೆ ತಿಳೀತೈತಿ. ಕೈ ಮುಂದ ಬರಂಗಿಲ್ಲ.

ಮ್ಯಾಲೆ ಈಗ ತಡ ಆತು. ಗವಿಸಿದ್ದೇಶ ಅದ ಬಯೋಡಾಟಾ ಬ್ಯಾರೆ ಆಫೀಸಿಗೆ ಕಳಿಸಿದ್ದ. ಹೋದ ವಾರ ಅವರು ಹೂಂ ಅಂದ್ರು. ಹಬ್ಬಕ್ಕ ಕೆಲಸದವರೆಲ್ಲಾ ಊರಿಗೆ ಹೋಗ್ಯಾರಂತ, ಆಳು ಅರ್ಜೆಂಟ್ ಬೇಕಾಗ್ಯಾರ, ಏನೂ ಕೇಳಲಿಲ್ಲ. ನಾ ಶುಕ್ರವಾರ ಸೈ ಮಾಡಿದೆ, ನಿನ್ನ ಪತ್ರ ಶನಿವಾರ ಬಂತು. ಸೈ ಹಾಕಿದ ಮ್ಯಾಲೆ ಹಿಂದ ಸರಿಯೂದು ನಮ್ಮ ಮನಿತನದಾಗಿಲ್ಲ. ಈ ಸಲಾನೂ ಗವಿಸಿದ್ದೇಶ ಅವರ ಹಾಳಿ ತಗದು ಕೊಟ್ಟ, ಮೊದಲ ಕೆಳಗಿನ ಸಾಲು ನೋಡಿದೆ. ಯಾವುದೋ ಗುರುತಿಲ್ಲದ ಹೆಸರು. ಅಲ್ಲೆ ಕುಂತಾಕಿ ನನ್ನ ಮಗಳಲ್ಲ, ಅದಕ್ಕ ಕೆಲಸ ಆತು.

ನಾಡದು ಮುಂಜಾನೆ ಗಾಡಿ ಬರತೈತಿ. ನೀವು ಪಾಡ್ಯಕ್ಕ ಬಂದಾಗ ನಾ ಇರಂಗಿಲ್ಲ. ನಿಮ್ಮವ್ವ ಒಬ್ಬಾಕೀನ ಬಿಡಬ್ಯಾಡ್ರಿ, ಹಬ್ಬ ಮುಗಿಸಿ ಹೊಂಬಳಕ್ಕ ಆಕಿ ತಂಗಿ ಮನಿಗೆ ಬಿಟ್ಟು ಬರ್ರಿ. ಪಂಚಮಿ ಉಂಡಿ ಕೆಟ್ಟು ಹೋದ್ವಂತ ಆಕಿ ಮತ್ತ ಹೊಸಾವು ಕಟ್ಟ್ಯಾಳ. ಕಾರ್ಖಾನಿ ಹೆಸರು ಕೇಳಬ್ಯಾಡ. ಹೇಳಿದ್ರ ನೀ ಅವರಿಗೆ ಫೋನ್ ಮಾಡತಿ, ನನಗ ಗೊತ್ತೈತಿ. ಹೆಸರು ಹೇಳದಾಂವನ ಕಡಿಂದ ಎದ್ದು ಬಾ ಅಂತ ಬರದಿದ್ದಿ. ಈ ಸಲ ಹೆಸರು ಹೇಳದಾಂವ ನಿಮ್ಮಪ್ಪ.

ಗಂಟಿ ವಿಷಯ ನೀ ಅಂಜಬ್ಯಾಡ. ಅದನ್ನೂ ವಿಚಾರ ಮಾಡೇನಿ. ಮಷಿನ್ನಿನ ಮುಂದ ಇಬ್ಬಿಬ್ಬರು ನಿಂತಿರತಾರಂತ. ನಾ ಬಾಜೂದಾವನ ಕೈ ನೋಡಕೋತ ಇರತೇನಿ. ಅಂವ ತಗದ್ರ ನಾನೂ ತಗೀತೇನಿ.

ನಿಮ್ಮಪ್ಪ,
ಅಂದಾನಪ್ಪ